ಗಾಥಿಕ್ ಭಯಕಾದಂಬರಿಗಳಲ್ಲಿ ಸಮಾಜ, ರಾಕ್ಷಸರು ಮತ್ತು ಒಳಿತು-ಕೆಡುಕು: ಪದೇ ಪದೇ ಕೇಳುವ ಪ್ರಶ್ನೆಗಳು

‘ಫ್ರಾಂಕೆನ್‌ಸ್ಟೈನ್’, ‘ಡ್ರಾಕುಲಾ’ ಮೊದಲಾದ ಹೆಸರುಗಳನ್ನು ಕೇಳದವರು ಕಡಿಮೆ. ಆದರೆ ಮೂಲ ಕಾದಂಬರಿಗಳನ್ನು ಕೈಗೆತ್ತಿಕೊಂಡವರಿಗೆ ಅಲ್ಲಿ ಸಿಗುವುದು ಸಿನಿಮಾಗಳಿಂದ ಪರಿಚಿತವಾದ ಕಥೆಗಿಂತ ಬಹಳ ಬೇರೆಯಾದದ್ದು. ಹಾಗೆ ಓದಲು ತೊಡಗಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಈ ಪುಸ್ತಕಗಳಲ್ಲಿ ಹಲವು ಪತ್ರ, ದಿನಚರಿ, ತಪ್ಪೊಪ್ಪಿಗೆ, ಸಾಕ್ಷ್ಯಗಳ ರೂಪದಲ್ಲಿರುವುದರಿಂದ, ಯಾರಿಗೆ ಮಾತಾಡುವ ಅವಕಾಶ ಸಿಕ್ಕಿದೆ, ಯಾರ ಮಾತನ್ನು ಯಾರು ನಂಬುತ್ತಾರೆ ಎಂಬುದನ್ನು ಗಮನಿಸುತ್ತಾ ಓದುವುದೇ ಒಳ್ಳೆಯ ದಾರಿ ಎಂಬುದು ಈ ಲೇಖಕನ ಅಭಿಪ್ರಾಯ. ಕಥೆಯ ಕೊನೆಯ ತಿರುವುಗಳನ್ನು ಇಲ್ಲಿ ಮುಚ್ಚಿಟ್ಟಿಲ್ಲ.

ಗಾಥಿಕ್ ಕಾದಂಬರಿ ಎಂದರೆ ಯಾವ ಕಾಲದ, ಯಾವ ಬಗೆಯ ಪುಸ್ತಕಗಳು?

ಹೊರೇಸ್ ವಾಲ್ಪೋಲ್ ಬರೆದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ 1764ರ ಡಿಸೆಂಬರ್ ತಿಂಗಳಲ್ಲಿ ಪ್ರಕಟವಾಯಿತು. ಕೋಟೆ, ಗುಟ್ಟು, ದೆವ್ವಗಳ ಭಯವನ್ನು ಹೆಣೆದ ಈ ಪರಂಪರೆಯ ಆರಂಭವನ್ನು ಸಾಮಾನ್ಯವಾಗಿ ಅಲ್ಲಿಂದಲೇ ಗುರುತಿಸುತ್ತಾರೆ. ಮೊದಲ ಮುದ್ರಣದಲ್ಲಿ ವಾಲ್ಪೋಲ್ ತನ್ನ ಹೆಸರು ಹಾಕದೆ, ಇದು 1529ರಲ್ಲಿ ನೇಪಲ್ಸ್‌ನಲ್ಲಿ ಅಚ್ಚಾಗಿ, ಉತ್ತರ ಇಂಗ್ಲೆಂಡಿನ ಹಳೆಯ ಕ್ಯಾಥೊಲಿಕ್ ಮನೆತನವೊಂದರ ಗ್ರಂಥಾಲಯದಲ್ಲಿ ಸಿಕ್ಕಿದ ಇಟಾಲಿಯನ್ ಪುಸ್ತಕದ ಅನುವಾದವೆಂದು ಹೇಳಿದ. ಪುಸ್ತಕ ಜನಪ್ರಿಯವಾದ ಮೇಲೆ 1765ರ ಎರಡನೆಯ ಮುದ್ರಣದಲ್ಲಿ ಬರೆದವನು ತಾನೇ ಎಂದು ಒಪ್ಪಿಕೊಂಡು, ‘ಒಂದು ಗಾಥಿಕ್ ಕಥೆ’ ಎಂಬ ಉಪಶೀರ್ಷಿಕೆ ಸೇರಿಸಿದ. ಮುಂದೆ ಆ್ಯನ್ ರ‍್ಯಾಡ್‌ಕ್ಲಿಫ್ ಬರೆದ ‘ದಿ ಮಿಸ್ಟರೀಸ್ ಆಫ್ ಉಡಾಲ್ಫೊ’ (1794), ಮ್ಯಾಥ್ಯೂ ಲೂಯಿಸ್‌ನ ‘ದಿ ಮಾಂಕ್’ (1796), ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ (1818), ಶೆರಿಡನ್ ಲೆ ಫಾನುವಿನ ‘ಕಾರ್ಮಿಲಾ’ (1872), ಸ್ಟೀವನ್‌ಸನ್‌ನ ‘ಜೆಕಿಲ್ ಮತ್ತು ಹೈಡ್’ (1886), ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ (1897) ಈ ಸಾಲಿನಲ್ಲಿ ಬಂದವು.

ಆರಂಭದ ಕಥೆಗಳು ಏಕೆ ಯಾವಾಗಲೂ ಇಟಲಿ, ಸ್ಪೇನ್‌ಗಳ ಕೋಟೆ ಮತ್ತು ಮಠಗಳಲ್ಲೇ ನಡೆಯುತ್ತವೆ?

ಪ್ರೊಟೆಸ್ಟೆಂಟ್ ಇಂಗ್ಲೆಂಡಿನ ಓದುಗರಿಗೆ ಕ್ಯಾಥೊಲಿಕ್ ದಕ್ಷಿಣ ಯೂರೋಪು ಮೂಢನಂಬಿಕೆಯ, ಗುಟ್ಟಿನ, ಅಡೆತಡೆಯಿಲ್ಲದ ದೊರೆತನದ ನೆಲವಾಗಿ ಕಾಣುತ್ತಿತ್ತು. ‘ನಮ್ಮಲ್ಲಿ ಹೀಗೆಲ್ಲ ನಡೆಯದು’ ಎಂಬ ಸಮಾಧಾನದೊಂದಿಗೆ ಓದಬಹುದಾಗಿತ್ತು. ಆದರೆ ಕಥೆಯ ಒಳಗಿನ ಜಗಳಗಳನ್ನು ನೋಡಿದರೆ ಅವು ಇಂಗ್ಲೆಂಡಿನ ಮನೆಗಳದ್ದೇ. ಒಟ್ರಾಂಟೊದ ದೊರೆ ಮ್ಯಾನ್‌ಫ್ರೆಡ್‌ನ ಮಗ ಮದುವೆಯ ದಿನವೇ ಆಕಾಶದಿಂದ ಬಿದ್ದಂತಹ ದೈತ್ಯ ಶಿರಸ್ತ್ರಾಣದಡಿ ಜಜ್ಜಿಹೋಗುತ್ತಾನೆ. ತಂದೆಗೆ ಅಳುವುದಕ್ಕಿಂತ ಮುಂಚೆ ಹೊಳೆಯುವುದು ವಂಶ ನಿಂತುಹೋಗುತ್ತದೆಂಬ ಚಿಂತೆ. ಹೆಂಡತಿಯನ್ನು ಬಿಟ್ಟು, ಸೊಸೆಯಾಗಬೇಕಿದ್ದ ಇಸಬೆಲ್ಲಾಳನ್ನೇ ತಾನು ಮದುವೆಯಾಗಲು ಹೊರಡುತ್ತಾನೆ. ಅವನ ಅಜ್ಜ ಧಣಿಗೆ ವಿಷವಿಕ್ಕಿ ಆ ರಾಜ್ಯವನ್ನು ಕಬಳಿಸಿದ್ದನೆಂದು ಕೊನೆಗೆ ತಿಳಿಯುತ್ತದೆ. ಶಿರಸ್ತ್ರಾಣ ಎಷ್ಟೇ ದೊಡ್ಡದಿದ್ದರೂ, ಕಥೆ ನಿಂತಿರುವುದು ಆಸ್ತಿ ಯಾರದು ಎಂಬ ಪ್ರಶ್ನೆಯ ಮೇಲೆ.

ಈ ದೂರದ ನೆಪವನ್ನು ಬಯಲಿಗೆಳೆದವಳು ಜೇನ್ ಆಸ್ಟೆನ್. ‘ನಾರ್ತ್ಯಾಂಗರ್ ಅಬ್ಬೆ’ ಗಾಥಿಕ್ ಕಾದಂಬರಿಗಳ ಅಣಕವೆಂದೇ ಪ್ರಸಿದ್ಧ. ಅದರ ನಾಯಕಿ ಕ್ಯಾಥರಿನ್ ಹಳೆಯ ಬೀರುವಿನಲ್ಲಿ ಸಿಕ್ಕ ಕಾಗದವನ್ನು ಭಯಾನಕ ಹಸ್ತಪ್ರತಿಯೆಂದು ಬಗೆದು ರಾತ್ರಿಯೆಲ್ಲ ನಡುಗಿ, ಬೆಳಿಗ್ಗೆ ನೋಡಿದರೆ ಅದು ಅಗಸರ ಬಟ್ಟೆಯ ಪಟ್ಟಿ. ಅವಳು ಅತಿಥಿಯಾಗಿದ್ದ ಮನೆಯ ಯಜಮಾನ ಜನರಲ್ ಟಿಲ್ನಿ ಹೆಂಡತಿಯನ್ನು ಕೊಂದಿರಬಹುದೆಂಬ ಅವಳ ಶಂಕೆಯೂ ಸುಳ್ಳಾಗುತ್ತದೆ. ಆದರೆ ಅವಳು ಶ್ರೀಮಂತಳಲ್ಲ ಎಂದು ತಿಳಿದ ಗಳಿಗೆಯಲ್ಲಿ ಅದೇ ಜನರಲ್ ಆ ಹುಡುಗಿಯನ್ನು ಜೊತೆಗೆ ಆಳೊಬ್ಬನೂ ಇಲ್ಲದೆ ಮನೆಯಿಂದ ಹೊರಗಟ್ಟುತ್ತಾನೆ. ಅವನನ್ನು ಕೊಲೆಗಾರನೆಂದು ಊಹಿಸಿದ್ದರಲ್ಲಿ ಅವಳು ಅವನ ಸ್ವಭಾವಕ್ಕೆ ಅಂತಹ ಅನ್ಯಾಯವನ್ನೇನೂ ಮಾಡಿರಲಿಲ್ಲ ಎನ್ನುವ ಅರ್ಥದ ಮಾತನ್ನು ಆಸ್ಟೆನ್ ಅಲ್ಲಿ ತಣ್ಣಗೆ ಸೇರಿಸುತ್ತಾಳೆ.

ಕೋಟೆಯಲ್ಲಿ ಸೆರೆಯಾದ ಹೆಣ್ಣು ಏಕೆ ಇಷ್ಟು ಸಲ ಬರುತ್ತಾಳೆ?

‘ಉಡಾಲ್ಫೊ’ದಲ್ಲಿ ಇದಕ್ಕೆ ನೇರ ಉತ್ತರವಿದೆ. ತಂದೆ ತಾಯಿ ಇಲ್ಲದ ಎಮಿಲಿಯನ್ನು, ಅವಳ ಸೋದರತ್ತೆಯನ್ನು ಮದುವೆಯಾದ ಮೊಂಟೋನಿ ಬೆಟ್ಟದ ಕೋಟೆಗೆ ಕರೆದೊಯ್ಯುತ್ತಾನೆ. ಅಲ್ಲಿ ಬಾಗಿಲ ಸದ್ದು, ಕಾಣದ ಹಾಡು, ಕಪ್ಪು ಮುಸುಕು ಎಲ್ಲವೂ ಉಂಟು. ಆದರೆ ಮೊಂಟೋನಿಗೆ ಬೇಕಾಗಿರುವುದು ಸಹಿ: ಮೊದಲು ಅತ್ತೆಯದು, ಅವಳು ಗೋಪುರದಲ್ಲಿ ಕೊರಗಿ ಸತ್ತ ಮೇಲೆ ಎಮಿಲಿಯದು, ಫ್ರಾನ್ಸಿನ ಜಮೀನುಗಳನ್ನು ಅವನಿಗೆ ಬರೆದುಕೊಡುವ ಪತ್ರದ ಮೇಲೆ. ಮದುವೆಯಾದ ಹೆಣ್ಣಿನ ಸ್ವತ್ತಿನ ಮೇಲೆ ಅವಳಿಗೇ ಹಕ್ಕು ಕೊಡುವ ಕಾನೂನುಗಳು ಇಂಗ್ಲೆಂಡಿನಲ್ಲಿ ಬಂದದ್ದು 1870 ಮತ್ತು 1882ರಲ್ಲಿ ಎಂಬುದನ್ನು ನೆನೆದರೆ, 1794ರ ಓದುಗಿತ್ತಿಯರಿಗೆ ಆ ದೃಶ್ಯ ಎಷ್ಟು ಹತ್ತಿರದ್ದಾಗಿತ್ತೆಂದು ಊಹಿಸಬಹುದು. ರ‍್ಯಾಡ್‌ಕ್ಲಿಫ್ ತನ್ನ ಎಲ್ಲ ದೆವ್ವಗಳಿಗೂ ಕೊನೆಯಲ್ಲಿ ಲೌಕಿಕ ಕಾರಣ ಕೊಡುತ್ತಾಳೆ. ಕಪ್ಪು ಮುಸುಕಿನ ಹಿಂದೆ ಇದ್ದದ್ದು ಮೇಣದ ಬೊಂಬೆ. ಇದನ್ನು ಓದಿ ಮೋಸಹೋದಂತೆ ಅನಿಸುವವರಿದ್ದಾರೆ, ಅದು ಸಹಜವೇ. ಆದರೆ ದೆವ್ವಗಳೆಲ್ಲ ಮಾಯವಾದ ಮೇಲೂ ಮೊಂಟೋನಿಯ ಕಾಗದ ಮಾತ್ರ ಮೇಣದ್ದಾಗಿರುವುದಿಲ್ಲ.

ಶಾರ್ಲಟ್ ಬ್ರಾಂಟೆಯ ‘ಜೇನ್ ಏರ್’ (1847) ಈ ಕೋಟೆಯನ್ನು ಇಂಗ್ಲೆಂಡಿಗೆ ತಂದು, ಸೆರೆಯಾದವಳನ್ನು ಮಹಡಿಯ ಮೇಲಿನ ಕೋಣೆಯಲ್ಲಿ ಇಡುತ್ತದೆ. ಅಲ್ಲಿರುವ ಬರ್ತಾ, ಆ ಮನೆಯ ಯಜಮಾನ ರೋಚೆಸ್ಟರ್‌ನ ಹೆಂಡತಿ; ಜಮೈಕಾದಿಂದ ಅವಳೊಂದಿಗೆ ಅವಳ ವರದಕ್ಷಿಣೆಯೂ ಬಂದಿತ್ತು. ಇಡೀ ಕಾದಂಬರಿಯಲ್ಲಿ ಅವಳಿಗೆ ತನ್ನ ಕಥೆ ಹೇಳಲು ಒಂದು ಪುಟವೂ ಇಲ್ಲ. ಅವಳು ಹೇಗಿದ್ದಳು ಎಂದು ನಮಗೆ ತಿಳಿಸುವವನು ಅವಳನ್ನು ಕೂಡಿಹಾಕಿದವನೇ. ಜೀನ್ ರೀಸ್ 1966ರಲ್ಲಿ ‘ವೈಡ್ ಸಾರ್ಗಾಸೊ ಸೀ’ ಬರೆದು ಆ ಬಾಕಿಯನ್ನು ತೀರಿಸಿದಳು.

ಫ್ರಾಂಕೆನ್‌ಸ್ಟೈನ್ ಎಂಬುದು ರಾಕ್ಷಸನ ಹೆಸರೇ?

ಅಲ್ಲ, ಅದು ಅವನನ್ನು ಸೃಷ್ಟಿಸಿದ ವಿಕ್ಟರ್‌ನ ಮನೆತನದ ಹೆಸರು. ವಿಕ್ಟರ್ ಡಾಕ್ಟರನೂ ಅಲ್ಲ. ಇಂಗೋಲ್‌ಸ್ಟಾಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಕತ್ತಿನ ಬೋಲ್ಟು, ಸಿಡಿಲು, ಗೂನುಬೆನ್ನಿನ ಸಹಾಯಕ ಇವೆಲ್ಲ ಸಿನಿಮಾದ ಕೊಡುಗೆಗಳು. ಕಾದಂಬರಿಯಲ್ಲಿ ಜೀವಿಗೆ ಹೆಸರೇ ಇಲ್ಲ. 1823ರಲ್ಲಿ ಇದು ಲಂಡನ್ನಿನ ರಂಗಕ್ಕೆ ಬಂದಾಗ ಪಾತ್ರಪಟ್ಟಿಯಲ್ಲಿ ಅವನ ಜಾಗದಲ್ಲಿ ಬರೀ ಗೆರೆ ಹಾಕಿದ್ದರು. ಮೇರಿ ಶೆಲ್ಲಿಗೆ ಅದು ಹಿಡಿಸಿತ್ತು.

ಆ ಜೀವಿ ಹುಟ್ಟಿನಿಂದಲೇ ದುಷ್ಟನೇ? ಅವನನ್ನು ಸಮಾಜವೇ ಕೆಡಿಸಿತು ಎನ್ನುವುದು ಸರಿಯೇ?

ಸಮಾಜ ಕೆಡಿಸಿತು ಎಂಬ ಉತ್ತರ ಪರೀಕ್ಷೆಯ ಪತ್ರಿಕೆಗಳಲ್ಲಿ ತಪ್ಪದೆ ಕಾಣಿಸುತ್ತದೆ. ಅದು ತಪ್ಪಲ್ಲ, ಆದರೆ ಅರ್ಧ ಮಾತ್ರ.

ಪುಸ್ತಕದ ನಡುಭಾಗವನ್ನು ಮೇರಿ ಶೆಲ್ಲಿ ಜೀವಿಯ ಬಾಯಿಗೇ ಬಿಟ್ಟುಕೊಡುತ್ತಾಳೆ. ಆಲ್ಪ್ಸ್‌ನ ಹಿಮನದಿಯ ಮೇಲೆ ವಿಕ್ಟರ್‌ನನ್ನು ಎದುರಿಸಿ ಅವನು ತನ್ನ ಕಥೆ ಹೇಳುತ್ತಾನೆ: ಹುಟ್ಟಿದ ರಾತ್ರಿಯೇ ಸೃಷ್ಟಿಕರ್ತ ಹೆದರಿ ಓಡಿಹೋದದ್ದು, ಕಾಡಿನಲ್ಲಿ ಬೆಂಕಿಯನ್ನು ಕಂಡುಕೊಂಡದ್ದು, ಡಿ ಲೇಸಿ ಎಂಬವರ ಗುಡಿಸಲಿಗೆ ತಾಗಿದ ಕೊಟ್ಟಿಗೆಯಲ್ಲಿ ಅಡಗಿ ಗೋಡೆಯ ಸಂದಿನಿಂದ ಅವರ ಮಾತು ಕಲಿತದ್ದು. ರಾತ್ರಿ ಹೋಗಿ ಅವರಿಗಾಗಿ ಸೌದೆ ತಂದಿಡುತ್ತಾನೆ. ಯಾರೋ ಒಳ್ಳೆಯ ದೇವತೆಯ ಕೆಲಸವೆಂದು ಅವರು ಬೆರಗಾಗುತ್ತಾರೆ. ಮಿಲ್ಟನ್‌ನ ‘ಪ್ಯಾರಡೈಸ್ ಲಾಸ್ಟ್’, ಪ್ಲೂಟಾರ್ಕ್‌ನ ಜೀವನಚರಿತ್ರೆಗಳು, ಗಯಟೆಯ ‘ವರ್ಥರ್’ ಅವನಿಗೆ ಸಿಕ್ಕ ಪುಸ್ತಕಗಳು. ಕೊನೆಗೆ ಮನೆಯಲ್ಲಿ ಕುರುಡ ಮುದುಕನೊಬ್ಬನೇ ಇದ್ದಾಗ ಧೈರ್ಯ ಮಾಡಿ ಒಳಗೆ ಹೋಗುತ್ತಾನೆ. ಮುದುಕ ಅವನ ಮಾತನ್ನಷ್ಟೇ ಕೇಳಿ ಮರುಗುತ್ತಾನೆ. ಅಷ್ಟರಲ್ಲಿ ಮಗ ಫೀಲಿಕ್ಸ್ ಬಂದು, ನೋಡಿದವನೇ ಕೋಲಿನಿಂದ ಬಡಿಯುತ್ತಾನೆ.

ಇಲ್ಲಿ ಫೀಲಿಕ್ಸ್ ಯಾರೆಂಬುದನ್ನು ಗಮನಿಸದೆ ಮುಂದೆ ಹೋಗುವವರೇ ಹೆಚ್ಚು. ಪ್ಯಾರಿಸ್‌ನಲ್ಲಿ ಧರ್ಮ ಮತ್ತು ಸಂಪತ್ತಿನ ಕಾರಣಕ್ಕೆ ಅನ್ಯಾಯವಾಗಿ ಮರಣದಂಡನೆಗೆ ಗುರಿಯಾದ ತುರ್ಕಿ ವ್ಯಾಪಾರಿಯನ್ನು ಸೆರೆಯಿಂದ ಪಾರುಮಾಡಿ, ಅದಕ್ಕಾಗಿ ಆಸ್ತಿ ಕಳೆದುಕೊಂಡು, ಕುಟುಂಬ ಸಮೇತ ಗಡೀಪಾರಾದವನು ಅವನು. ಪರಕೀಯನಿಗಾಗಿ ಎಲ್ಲವನ್ನೂ ತೆತ್ತ ಮನುಷ್ಯನೇ ಇನ್ನೊಬ್ಬ ಪರಕೀಯನ ಮುಖ ನೋಡಿ ಕೋಲೆತ್ತುತ್ತಾನೆ. ಸಮಾಜವೆಂದರೆ ಕೆಟ್ಟವರ ಗುಂಪು ಎಂದಿದ್ದರೆ ಕಾದಂಬರಿ ಬರೆಯುವುದು ಸುಲಭವಾಗುತ್ತಿತ್ತು; ಮೇರಿ ಶೆಲ್ಲಿ ಆ ಸುಲಭವನ್ನು ಬಿಟ್ಟುಕೊಟ್ಟಿದ್ದಾಳೆ.

ಇನ್ನರ್ಧ ಹೀಗಿದೆ. ಜೀವಿ ಕೊಂದ ಮೊದಲನೆಯವನು ವಿಕ್ಟರ್‌ನ ಪುಟ್ಟ ತಮ್ಮ ವಿಲಿಯಂ. ಮಗುವಿಗೆ ಇನ್ನೂ ಪೂರ್ವಗ್ರಹವಿರದು, ಸಾಕಿಕೊಳ್ಳೋಣ ಎಂದು ಹಿಡಿದರೆ ಆ ಹುಡುಗ ‘ನನ್ನ ಅಪ್ಪ ದೊಡ್ಡ ಅಧಿಕಾರಿ, ನಿನ್ನನ್ನು ಶಿಕ್ಷಿಸುತ್ತಾನೆ’ ಎಂಬರ್ಥದಲ್ಲಿ ಕಿರುಚುತ್ತಾನೆ. ಫ್ರಾಂಕೆನ್‌ಸ್ಟೈನ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ಜೀವಿ ಅವನ ಕತ್ತು ಹಿಸುಕುತ್ತಾನೆ, ಆಮೇಲೆ ಮಗುವಿನ ಕೊರಳಲ್ಲಿದ್ದ ಚಿತ್ರವನ್ನು ಮಲಗಿದ್ದ ಜಸ್ಟಿನ್ ಎಂಬ ಮನೆಗೆಲಸದ ಹುಡುಗಿಯ ಬಟ್ಟೆಯಲ್ಲಿ ಸೇರಿಸುತ್ತಾನೆ. ಇದು ಕೋಪದ ಭರದಲ್ಲಿ ಆದದ್ದಲ್ಲ, ಲೆಕ್ಕ ಹಾಕಿ ಮಾಡಿದ್ದು. ತಾನು ಅನುಭವಿಸಿದ ಅನ್ಯಾಯವನ್ನು ಅವನು ಅಷ್ಟೇ ನಿರಪರಾಧಿಯಾದ ಇನ್ನೊಬ್ಬಳ ಮೇಲೆ ಹೊರಿಸಿದ, ಮತ್ತು ಕಾದಂಬರಿ ಅವನನ್ನು ಆ ಹೊಣೆಯಿಂದ ಬಿಡಿಸುವುದಿಲ್ಲ.

ಹಾಗಾದರೆ ಜಸ್ಟಿನ್‌ಳ ಸಾವಿಗೆ ಯಾರು ಕಾರಣ?

ಕೈಗಳು ಹಲವು. ಜೀವಿ ಸಾಕ್ಷ್ಯವನ್ನು ಇಟ್ಟ; ನ್ಯಾಯಾಲಯ ಅದನ್ನು ನಂಬಿತು; ಪಾಪನಿವೇದನೆ ಕೇಳಲು ಬಂದ ಪಾದ್ರಿ ನರಕದ ಹೆದರಿಕೆ ಹಾಕಿ ಮಾಡದ ತಪ್ಪನ್ನು ಒಪ್ಪಿಸಿದ; ಅವಳನ್ನು ಬಲ್ಲವರು ಅಂಜಿ ಹಿಂದೆ ಸರಿದರು. ವಿಕ್ಟರ್ ಮದುವೆಯಾಗಲಿದ್ದ ಎಲಿಜಬೆತ್ ಒಬ್ಬಳೇ ನ್ಯಾಯಾಲಯದಲ್ಲಿ ಅವಳ ಪರವಾಗಿ ನಿಂತು ಮಾತಾಡುತ್ತಾಳೆ, ಆದರೆ ಆ ಮಾತು ಮಾತಾಡಿದವಳಿಗೆ ಮೆಚ್ಚುಗೆ ತಂದು ಆರೋಪಿಯ ಮೇಲಿನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸುತ್ತದೆ. ನಿಜ ತಿಳಿದಿದ್ದ ವಿಕ್ಟರ್, ಹೇಳಿದರೆ ಹುಚ್ಚನೆನ್ನುತ್ತಾರೆಂದು ಬಾಯಿ ಮುಚ್ಚಿಕೊಂಡು ಕುಳಿತ. ಜಸ್ಟಿನ್‌ಳನ್ನು ಗಲ್ಲಿಗೇರಿಸುವ ಮುನ್ನವೇ ಅವಳ ದುಃಖಕ್ಕಿಂತ ತನ್ನ ದುಃಖವೇ ದೊಡ್ಡದೆಂದು ಅವನು ಹೇಳಿಕೊಳ್ಳುವುದನ್ನು ಓದುವಾಗ ಅವನ ಮೇಲೆ ಉಳಿದಿದ್ದ ಕನಿಕರವೂ ಕರಗುತ್ತದೆ.

ಈ ಕಾದಂಬರಿ ವಿಜ್ಞಾನವನ್ನು ವಿರೋಧಿಸುತ್ತದೆಯೇ?

ಹಾಗೆ ಹೇಳಲು ಆಧಾರ ಸಾಲದು. ಇಟಲಿಯ ಆಲ್ದಿನಿ 1803ರಲ್ಲಿ ಲಂಡನ್ನಿನಲ್ಲಿ, ನೇಣಿಗೇರಿದ ಜಾರ್ಜ್ ಫಾರ್ಸ್ಟರ್ ಎಂಬವನ ಹೆಣಕ್ಕೆ ವಿದ್ಯುತ್ ಹರಿಸಿ ದವಡೆ, ಕೈಕಾಲುಗಳು ಅಲುಗುವುದನ್ನು ಜನರ ಮುಂದೆ ತೋರಿಸಿದ್ದ. ಜೀವವೆಂದರೇನು ಎಂಬ ಚರ್ಚೆ ಆಗ ಬಿಸಿಯಾಗಿತ್ತು. ಶವಪರೀಕ್ಷೆ ಕಲಿಯಲು ಹೆಣಗಳ ಕೊರತೆಯಿದ್ದುದರಿಂದ ಸ್ಮಶಾನದ ಕಳ್ಳರು ಹೊಸ ಗೋರಿಗಳನ್ನು ಅಗೆದು ಮಾರುತ್ತಿದ್ದರು. 1832ರ ಕಾನೂನು ಈ ಕಳ್ಳತನವನ್ನು ನಿಲ್ಲಿಸಿದ್ದು ಹೇಗೆಂದರೆ, ವಾರಸುದಾರರು ಬಾರದ ಬಡವರ ಹೆಣಗಳನ್ನು ಅಂಗರಚನಾ ಶಾಲೆಗಳಿಗೆ ಒಪ್ಪಿಸುವ ದಾರಿ ತೆರೆದು. ವಿಕ್ಟರ್ ಬಳಸಿದ ಮೂಳೆ ಮಾಂಸ ಯಾರವು ಎಂದು ಅವನು ಒಮ್ಮೆಯೂ ಕೇಳಿಕೊಳ್ಳುವುದಿಲ್ಲ. ಕಾದಂಬರಿ ಅವನ ಮೇಲೆ ಹೊರಿಸುವ ದೊಡ್ಡ ಆರೋಪವಾದರೂ ಪ್ರಯೋಗ ಮಾಡಿದ್ದಕ್ಕಲ್ಲ, ಪ್ರಯೋಗ ಕಣ್ಣು ತೆರೆದಾಗ ಕೋಣೆ ಬಿಟ್ಟು ಓಡಿದ್ದಕ್ಕೆ.

ಜೆಕಿಲ್ ಒಳ್ಳೆಯ ಭಾಗ, ಹೈಡ್ ಕೆಟ್ಟ ಭಾಗ ಎಂದು ಅರ್ಥ ಮಾಡಿಕೊಳ್ಳಬಹುದೇ?

ಮಾತುಕತೆಯಲ್ಲಿ ಹಾಗೆ ಬಳಸುವುದು ರೂಢಿ. ಪುಸ್ತಕ ಹೇಳುವುದು ಬೇರೆ. ಜೆಕಿಲ್ ತನ್ನ ತಪ್ಪೊಪ್ಪಿಗೆಯಲ್ಲಿ ಸ್ಪಷ್ಟವಾಗಿ ಬರೆಯುತ್ತಾನೆ: ತನ್ನನ್ನು ಹೈಡ್ ಆಗಿ ಮಾರ್ಪಡಿಸುತ್ತಿದ್ದ ಔಷಧಿಗೆ ದೈವಿಕ ಗುಣವೂ ಇರಲಿಲ್ಲ, ಪೈಶಾಚಿಕ ಗುಣವೂ ಇರಲಿಲ್ಲ, ಕುಡಿದ ಹೊತ್ತಿನಲ್ಲಿ ತನ್ನೊಳಗಿನ ಒಳ್ಳೆಯತನ ನಿದ್ರಿಸುತ್ತಿತ್ತು, ಮಹತ್ವಾಕಾಂಕ್ಷೆಯಿಂದ ಎಚ್ಚತ್ತಿದ್ದ ಕೆಡುಕು ಹೊರಬಂದಿತು. ಹೈಡ್ ಶುದ್ಧ ಕೆಡುಕು, ಆದರೆ ಜೆಕಿಲ್ ಶುದ್ಧ ಒಳಿತಲ್ಲ. ಅವನು ಮೊದಲಿನಂತೆಯೇ ಬೆರಕೆಯ ಹಳೆಯ ಜೆಕಿಲ್. ಅವನಿಗೆ ಬೇಕಾಗಿದ್ದುದು ಕೆಟ್ಟತನದಿಂದ ಬಿಡುಗಡೆಯಲ್ಲ, ಹೆಸರು ಕೆಡದಂತೆ ಕೆಟ್ಟತನ ಮಾಡುವ ಅನುಕೂಲ. ಹೈಡ್ ಓಡಾಡುವ, ಬಣ್ಣ ಉಬ್ಬೆದ್ದ, ಕರೆಗಂಟೆಯೂ ಇಲ್ಲದ ಹಿಂಬಾಗಿಲು ಮತ್ತು ಜೆಕಿಲ್ ಅತಿಥಿಗಳನ್ನು ಬರಮಾಡಿಕೊಳ್ಳುವ ಅಂದವಾದ ಮುಂಬಾಗಿಲು ಒಂದೇ ಮನೆಯವು.

ಸಮಾಜದ ಚಿತ್ರ ನೋಡಬೇಕಾದರೆ ಮೊದಲ ಅಧ್ಯಾಯ ಸಾಕು. ಬೆಳಗಿನ ಜಾವ ಮೂರರ ಸುಮಾರಿಗೆ ಹೈಡ್ ಪುಟ್ಟ ಹುಡುಗಿಯೊಬ್ಬಳನ್ನು ತುಳಿದುಕೊಂಡೇ ಮುಂದೆ ಹೋಗುತ್ತಾನೆ. ಎನ್‌ಫೀಲ್ಡ್ ಎಂಬ ಸಭ್ಯ ಗೃಹಸ್ಥ ಅವನನ್ನು ಹಿಡಿದು ತರುತ್ತಾನೆ. ನೆರೆದವರು ಪೊಲೀಸರನ್ನು ಕರೆಯುವ ಬದಲು ಹೆಸರು ಕೆಡಿಸುತ್ತೇವೆಂದು ಬೆದರಿಸಿ, ಹುಡುಗಿಯ ಮನೆಯವರಿಗೆ ನೂರು ಪೌಂಡು ಕೊಡಿಸುತ್ತಾರೆ. ಹೈಡ್ ತಂದ ಚೆಕ್ಕಿನ ಮೇಲೆ ಗಣ್ಯನೊಬ್ಬನ ಸಹಿಯಿರುತ್ತದೆ. ಆ ಮನೆ ಯಾರದೆಂದು ವಿಚಾರಿಸಲಿಲ್ಲವೇ ಎಂದು ಕೇಳಿದರೆ ಎನ್‌ಫೀಲ್ಡ್, ವ್ಯವಹಾರ ಎಷ್ಟು ಸಂಶಯಾಸ್ಪದವೋ ತಾನು ಅಷ್ಟು ಕಡಿಮೆ ಕೇಳುತ್ತೇನೆ ಎನ್ನುತ್ತಾನೆ. ಪ್ರಶ್ನೆ ಕೇಳುವುದು ಗುಡ್ಡದ ಮೇಲಿಂದ ಕಲ್ಲು ಉರುಳಿಸಿದಂತೆ, ಅದು ಹೋಗಿ ತನ್ನ ಹಿತ್ತಲಲ್ಲಿ ಸುಮ್ಮನಿದ್ದ ಯಾರೋ ಮುದುಕನಿಗೆ ತಾಗಬಹುದು. ವಕೀಲ ಅಟರ್‌ಸನ್ ಇದನ್ನು ಒಳ್ಳೆಯ ನಿಯಮವೆಂದು ಒಪ್ಪುತ್ತಾನೆ. ಇಂತಹ ಗೆಳೆಯರ ನಡುವೆ ಹೈಡ್‌ನಂತಹವನು ಬದುಕಲು ಬೇರೆ ಮದ್ದು ಬೇಕಾಗಿರಲಿಲ್ಲ. ಹುಡುಗಿಗೆ ಹೆಸರಿಲ್ಲ, ಮತ್ತೆ ಅವಳ ಸುದ್ದಿಯೂ ಇಲ್ಲ.

ಡ್ರಾಕುಲಾ ಹೊರಗಿನಿಂದ ಬಂದವರ ಮೇಲಿನ ಭಯದ ಕಥೆಯೇ?

ಆ ಭಯ ಅದರಲ್ಲಿ ದಟ್ಟವಾಗಿಯೇ ಇದೆ. ಪೂರ್ವ ಯೂರೋಪಿನ ಜಮೀನ್ದಾರನೊಬ್ಬ ತನ್ನ ನೆಲದ ಮಣ್ಣು ತುಂಬಿದ 50 ಪೆಟ್ಟಿಗೆಗಳೊಂದಿಗೆ ಹಡಗಿನಲ್ಲಿ ಬಂದು ಲಂಡನ್ನಿನಲ್ಲಿ ಮನೆಗಳನ್ನು ಕೊಳ್ಳುತ್ತಾನೆ. ಡ್ರಾಕುಲಾನನ್ನು ಬೇಟೆಯಾಡುವ ಗುಂಪಿನ ಮೀನಾ ಅವನನ್ನು ಅಪರಾಧಿ ಬಗೆಯವನೆಂದು ವರ್ಗೀಕರಿಸಲು ಲೊಂಬ್ರೋಸೊ ಮತ್ತು ನೋರ್ಡೌ ಅವರ ಹೆಸರನ್ನು ಹೇಳುತ್ತಾಳೆ. ಮುಖಲಕ್ಷಣದಿಂದ ಅಪರಾಧಿಯನ್ನು ಗುರುತಿಸಬಹುದೆಂಬ ಅಂದಿನ ಸಿದ್ಧಾಂತ ಅದು, ಇಂದು ತಿರಸ್ಕೃತವಾದದ್ದು. ‘ಫ್ರಾಂಕೆನ್‌ಸ್ಟೈನ್’ ಮುಖ ನೋಡಿ ತೀರ್ಪು ಕೊಡುವುದನ್ನು ಪ್ರಶ್ನಿಸಿದರೆ, 79 ವರ್ಷಗಳ ನಂತರದ ಈ ಕಾದಂಬರಿ ಅದನ್ನು ವಿಜ್ಞಾನವೆಂದು ಒಪ್ಪಿಕೊಳ್ಳುತ್ತದೆ.

ಆದರೂ ಮೊದಲ ನಾಲ್ಕು ಅಧ್ಯಾಯಗಳಲ್ಲಿ, ಪುಸ್ತಕದ ಅತ್ಯುತ್ತಮ ಭಾಗವಾದ, ಮನೆ ಮಾರಾಟದ ಕೆಲಸಕ್ಕೆ ಇಂಗ್ಲೆಂಡಿನಿಂದ ಹೋದ ವಕೀಲ ಹಾರ್ಕರ್‌ನ ಕೋಟೆಯ ದಿನಚರಿಯಲ್ಲಿ, ಕೌಂಟ್ ಡ್ರಾಕುಲಾನ ಬಗ್ಗೆ ಇನ್ನೊಂದು ಚಿತ್ರವಿದೆ. ಅವನು ರೈಲು ವೇಳಾಪಟ್ಟಿ, ವಕೀಲರ ಪಟ್ಟಿ, ಸೇನೆಯ ಪಟ್ಟಿಗಳನ್ನು ಓದುತ್ತಾ ಇಂಗ್ಲಿಷ್ ಕಲಿಯುತ್ತಿರುತ್ತಾನೆ; ತನ್ನ ಉಚ್ಚಾರಣೆ ಕೇಳಿ ಯಾರೂ ಪರದೇಶಿಯೆಂದು ನಿಂತು ನೋಡದಂತಾಗಬೇಕೆಂದು ಬಯಸುತ್ತಾನೆ, ಏಕೆಂದರೆ ಪರನಾಡಿನಲ್ಲಿ ಪರಕೀಯ ಯಾರೂ ಅಲ್ಲದವನು. ಇದಾದ ಮೇಲೆ ಅವನ ಮಾತು ಬಹುಮಟ್ಟಿಗೆ ನಿಂತುಹೋಗುತ್ತದೆ. ದಿನಚರಿ, ತಂತಿ, ಫೋನೋಗ್ರಾಫ್, ಟೈಪ್‌ರೈಟರ್ ಎಲ್ಲವೂ ಅವನನ್ನು ಬೇಟೆಯಾಡುವವರ ಕೈಯಲ್ಲಿವೆ, ಡ್ರಾಕುಲಾನಿಗೆ ದಿನಚರಿಯಿಲ್ಲ.

ಡ್ರಾಕುಲಾನ ವಿರೋಧಿಗಳು ಒಳ್ಳೆಯವರೆಂದು ಕಾದಂಬರಿ ಸಾಬೀತುಪಡಿಸುತ್ತದೆಯೇ?

ಅವರು ಧೈರ್ಯವಂತರು, ಪರಸ್ಪರ ನಿಷ್ಠರು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅವರ ಬಲದ ಒಂದು ಭಾಗ ಹಣ ಮತ್ತು ಪದವಿಯದು. ಪಿಕಡಿಲಿಯಲ್ಲಿರುವ ಡ್ರಾಕುಲಾನ ಮನೆಯ ಬೀಗ ಒಡೆಸುವಾಗ ಅವರಲ್ಲೊಬ್ಬನಾದ ಲಾರ್ಡ್ ಗೊಡಾಲ್ಮಿಂಗ್, ತನ್ನ ಬಿರುದು ಇದ್ದರೆ ಬೀಗದವನೂ ಪೊಲೀಸನೂ ಏನೂ ಅನ್ನುವುದಿಲ್ಲ ಎನ್ನುತ್ತಾನೆ, ಹಾಗೆಯೇ ಆಗುತ್ತದೆ. ಹಣಕ್ಕೆ ಎಂತಹ ಶಕ್ತಿಯಿದೆ ಎಂದು ಮೀನಾ ಬೆರಗಾಗಿ ಬರೆಯುತ್ತಾಳೆ. ಗಂಡಸರ ಸೌಜನ್ಯವೂ ದುಬಾರಿಯಾಗುತ್ತದೆ: ಎಲ್ಲರ ದಾಖಲೆಗಳನ್ನು ಟೈಪು ಮಾಡಿ ಜೋಡಿಸಿದ ಮೀನಾಳನ್ನೇ, ಹೆಣ್ಣಿನ ಮನಸ್ಸು ತಡೆಯದೆಂದು ಸಭೆಗಳಿಂದ ದೂರವಿಡುತ್ತಾರೆ, ಅವಳು ಒಂಟಿಯಾದ ಆ ರಾತ್ರಿಗಳಲ್ಲೇ ಡ್ರಾಕುಲಾ ಅವಳನ್ನು ಮುಟ್ಟುತ್ತಾನೆ. ಕೊನೆಯ ಟಿಪ್ಪಣಿಯಲ್ಲಿ ಹಾರ್ಕರ್, ತಮ್ಮ ಬಳಿ ಉಳಿದಿರುವುದು ಟೈಪು ಮಾಡಿದ ಹಾಳೆಗಳ ರಾಶಿಯೇ ಹೊರತು ಅಧಿಕೃತ ದಾಖಲೆಗಳಲ್ಲ, ಯಾರಾದರೂ ಇದನ್ನು ನಂಬಬೇಕೆಂದು ಕೇಳಲಾಗದು ಎಂದು ಒಪ್ಪಿಕೊಳ್ಳುತ್ತಾನೆ.

ಡ್ರಾಕುಲಾ ಬಿಸಿಲಿಗೆ ಸುಟ್ಟುಹೋಗುವುದಿಲ್ಲವೇ?

ಕಾದಂಬರಿಯಲ್ಲಿ ಇಲ್ಲ. ಅವನು ಹಗಲಿನಲ್ಲೇ ಲಂಡನ್ನಿನ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಹಗಲಿನಲ್ಲಿ ಶಕ್ತಿ ಕುಂದುತ್ತದೆ ಅಷ್ಟೆ. ಬಿಸಿಲಿನಿಂದ ಸಾಯುವುದು 1922ರ ‘ನೊಸ್ಫೆರಾಟು’ ಚಿತ್ರದಿಂದ ಬಂದದ್ದು. ಕಾದಂಬರಿಯಲ್ಲಿ ಅವನನ್ನು ಕೊಲ್ಲುವುದು ಎರಡು ಚೂರಿಗಳು: ಅಮೆರಿಕದ ಮಾರಿಸ್‌ನ ಬೋವಿ ಚೂರಿ ಮತ್ತು ಹಾರ್ಕರ್‌ನ ಕೈಯಲ್ಲಿದ್ದ ಗೂರ್ಖಾಗಳ ಕುಕ್ರಿ.

ನಮ್ಮ ಬೇತಾಳನಿಗೂ ಈ ರಕ್ತಪಿಶಾಚಿಗಳಿಗೂ ಸಂಬಂಧವಿದೆಯೇ?

ತೆಳುವಾದ ಒಂದು ಎಳೆಯಿದೆ. ರಿಚರ್ಡ್ ಬರ್ಟನ್ 1870ರಲ್ಲಿ ಬೇತಾಳನ ಕಥೆಗಳಲ್ಲಿ ಕೆಲವನ್ನು ಇಂಗ್ಲಿಷಿಗೆ ತರುವಾಗ ಬೇತಾಳನನ್ನು ‘ವ್ಯಾಂಪೈರ್’ ಎಂದು ಕರೆದ. ಸ್ಟೋಕರ್‌ಗೆ ಬರ್ಟನ್‌ನ ಪರಿಚಯವಿತ್ತು. ನಕ್ಕಾಗ ಅವನ ಕೋರೆಹಲ್ಲು ಹೊಳೆದದ್ದನ್ನು ಮುಂದೆ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಆದರೆ ‘ಚಂದಮಾಮ’ದಲ್ಲಿ ಬೇತಾಳನನ್ನು ಓದಿ ಬೆಳೆದವರಿಗೆ ಇಬ್ಬರ ಅಂತರ ಹೇಳಿಕೊಡಬೇಕಾಗಿಲ್ಲ. ಬೇತಾಳ ಹೆಣದೊಳಗೆ ಇದ್ದರೂ ಮಾತುಗಾರ. ಧರ್ಮಸೂಕ್ಷ್ಮದ ಪ್ರಶ್ನೆ ಕೇಳುತ್ತಾನೆ, ಕೊನೆಗೆ ಕಪಟ ಸನ್ಯಾಸಿಯಿಂದ ರಾಜನನ್ನು ಉಳಿಸುವವನೂ ಅವನೇ. ಆ ದೃಷ್ಟಿಯಿಂದ ಅವನು ಡ್ರಾಕುಲಾನಿಗಿಂತ ಮೇರಿ ಶೆಲ್ಲಿಯ ಜೀವಿಗೆ ಹತ್ತಿರದವನು.

ಮೊದಲು ಯಾವುದನ್ನು ಓದಬೇಕು? ‘ಫ್ರಾಂಕೆನ್‌ಸ್ಟೈನ್’ನ ಯಾವ ಆವೃತ್ತಿ ಒಳ್ಳೆಯದು?

ಚಿಕ್ಕದು ಬೇಕಾದರೆ ‘ಜೆಕಿಲ್ ಮತ್ತು ಹೈಡ್’. ಒಂದೆರಡು ಸಂಜೆಗಳಲ್ಲಿ ಮುಗಿಯುತ್ತದೆ. ‘ಉಡಾಲ್ಫೊ’ಗೆ ತಾಳ್ಮೆ ಬೇಕು, ಬೆಟ್ಟಗುಡ್ಡಗಳ ವರ್ಣನೆಯೇ ನೂರಾರು ಪುಟಗಳಿವೆ. ‘ಫ್ರಾಂಕೆನ್‌ಸ್ಟೈನ್’ 1818ರ ಜನವರಿಯಲ್ಲಿ ಲೇಖಕಿಯ ಹೆಸರಿಲ್ಲದೆ 500 ಪ್ರತಿಗಳಲ್ಲಿ ಬಂತು. 1831ರಲ್ಲಿ ಮೇರಿ ಶೆಲ್ಲಿ ಅದನ್ನು ತಿದ್ದಿ, ಜಿನೀವಾ ಸರೋವರದ ಬಳಿ ಕಥೆ ಹುಟ್ಟಿದ ಬಗೆಯನ್ನು ಹೇಳುವ ಪೀಠಿಕೆಯೊಂದಿಗೆ ಪ್ರಕಟಿಸಿದಳು. ಅಂಗಡಿಗಳಲ್ಲಿ ಎರಡೂ ಸಿಗುತ್ತವೆ, ಆದ್ದರಿಂದ ಪೀಠಿಕೆಯ ಹಿಂದಿನ ಪುಟ ನೋಡಿ ಕೊಳ್ಳುವುದು ಒಳ್ಳೆಯದು. ಮೊದಲ ಆವೃತ್ತಿಯ ವಿಕ್ಟರ್ ತಾನೇ ಆಯ್ದುಕೊಂಡು ತಪ್ಪು ಮಾಡುತ್ತಾನೆ. ಎರಡನೆಯದರಲ್ಲಿ ವಿಧಿಯ ಮಾತು ಹೆಚ್ಚಾಗಿ, ಅವನ ಹೊಣೆ ಸ್ವಲ್ಪ ಮಸುಕಾಗುತ್ತದೆ. ಒಳಿತು-ಕೆಡುಕಿನ ಪ್ರಶ್ನೆಗಾಗಿ ಓದುವವರು 1818ರದನ್ನೇ ಆರಿಸಿಕೊಳ್ಳಲಿ. ಭಾರತದ ಓದುಗರಿಗೆ ಮಾತ್ರ 1831ರದರಲ್ಲಿ ಇನ್ನೊಂದು ಕಾರಣವಿದೆ: ಇಡೀ ಕಾದಂಬರಿಯ ಅತ್ಯಂತ ಸಜ್ಜನ ಪಾತ್ರವಾದ ಗೆಳೆಯ ಕ್ಲರ್ವಲ್ ಅಲ್ಲಿ ಸಂಸ್ಕೃತ ಕಲಿಯುತ್ತಾನೆ, ಮತ್ತು ಭಾರತಕ್ಕೆ ಹೋಗಿ ತನ್ನ ಭಾಷಾಜ್ಞಾನದಿಂದ ಯೂರೋಪಿನ ವಸಾಹತು ಮತ್ತು ವ್ಯಾಪಾರದ ಬೆಳವಣಿಗೆಗೆ ನೆರವಾಗಬೇಕೆಂಬ ಯೋಜನೆ ಹಾಕಿಕೊಂಡಿರುತ್ತಾನೆ. ಅದನ್ನು ಕಾದಂಬರಿ ಅವನ ಸದ್ಗುಣಗಳ ಸಾಲಿನಲ್ಲೇ ಹೇಳುತ್ತದೆ.